ಓದುಗರ ಪ್ರಶ್ನೆಗೆ ಉತ್ತರ: ಮಳೆನಾಡಿನ ಮಣ್ಣಿನ ಶೆಡ್ಡಿಗೆ ಮೊದಲು ಸೂರು, ಕೊನೆಗೆ ಗೋಡೆ

ಈ ಬಾರಿ ಹಸಿ (ಸುಡದ) ಇಟ್ಟಿಗೆಯ ಕಟ್ಟಡದ ಬಗ್ಗೆ ಕೊಡಗಿನ ಬೇರೆ ಬೇರೆ ಕಡೆಗಳಿಂದ ನಾಲ್ಕು ಪತ್ರಗಳು ಬಂದಿವೆ. ಮೊದಲನೆಯ ಪತ್ರಕ್ಕೆ ಕೊಟ್ಟ ಉತ್ತರದಲ್ಲಿ ಉಳಿದ ಮೂರಕ್ಕೂ ಬೇಕಾದ ಬಹಳಷ್ಟು ವಿಷಯ ಇರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಮಗೆ ಮೂರು ಎಕರೆ ಕಾಫಿ ತೋಟವಿದೆ. ಕಣದ ಪಕ್ಕದಲ್ಲಿ ಕತ್ತಿ, ಗುದ್ದಲಿ, ಸ್ಪ್ರೇಯರ್, ಗೋಣಿಚೀಲಗಳನ್ನು ಇಟ್ಟುಕೊಳ್ಳಲು 10 ಅಡಿ ಉದ್ದ, 8 ಅಡಿ ಅಗಲದ ಒಂದು ಸಣ್ಣ ಶೆಡ್ಡನ್ನು ನಾನೂ ನನ್ನ ಹೆಂಡತಿಯೂ ಕೈಯಾರೆ ಕಟ್ಟಲು ಹೊರಟಿದ್ದೇವೆ. ತೋಟದ ಮಣ್ಣಿನಿಂದಲೇ ಮೇ ತಿಂಗಳಲ್ಲಿ ಇನ್ನೂರು ಇಟ್ಟಿಗೆ ಮಾಡಿದೆವು. ಅರ್ಧದಷ್ಟು ಒಣಗುವಾಗಲೇ ಬಿರುಕು ಬಿಟ್ಟವು. ಉಳಿದವನ್ನು ಪೇರಿಸಿ ಟಾರ್ಪಾಲು ಹೊದಿಸಿದ್ದರೂ ಜೂನ್ ಮೊದಲ ವಾರದ ಮಳೆಗೆ ಕೆಳಗಿನ ಸಾಲುಗಳು ಕರಗಿ ಮುದ್ದೆಯಾದವು. ನೆರೆಯವರು ಇದನ್ನು ಬಿಟ್ಟು ಸಿಮೆಂಟ್ ಬ್ಲಾಕ್ ತರಿಸಿ ಎನ್ನುತ್ತಿದ್ದಾರೆ. ನವೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾಗುವುದರೊಳಗೆ ಶೆಡ್ಡು ಮುಗಿಯಬೇಕು. ಮಳೆಗಾಲದಲ್ಲಿ ಇದು ಸಾಧ್ಯವೇ? ಮಣ್ಣಿಗೆ ಸಿಮೆಂಟ್ ಬೆರೆಸಿದರೆ ಸರಿಹೋದೀತೇ?
(ಓದುಗರು, ಮಡಿಕೇರಿ ತಾಲ್ಲೂಕು)

ಉತ್ತರ: ಸಾಧ್ಯವಿದೆ, ನೀವು ಕೆಲಸ ನಿಲ್ಲಿಸಬೇಕಾಗಿಯೂ ಇಲ್ಲ. ಆದರೆ ಕೆಲಸದ ಸರದಿಯನ್ನು ಬದಲಿಸಿಕೊಳ್ಳಬೇಕು. ಮೊದಲು ಇಟ್ಟಿಗೆ, ಆಮೇಲೆ ಗೋಡೆ, ಕೊನೆಗೆ ಛಾವಣಿ ಎಂಬುದು ಬಯಲುಸೀಮೆಯ ಸರದಿ. ಅಲ್ಲಿ ತಿಂಗಳುಗಟ್ಟಲೆ ಬಿಸಿಲನ್ನು ನಂಬಿ ಕುಳಿತುಕೊಳ್ಳಬಹುದು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಇಂಥ ಊರಿನಲ್ಲಿ ಮೊದಲು ಕಲ್ಲಿನ ಪಾಯ, ಅದರ ಮೇಲೆ ಕಂಬ ಮತ್ತು ಛಾವಣಿ, ಆ ಛಾವಣಿಯ ನೆರಳಿನಲ್ಲಿ ಇಟ್ಟಿಗೆ, ಎಲ್ಲಕ್ಕೂ ಕೊನೆಯಲ್ಲಿ ಗೋಡೆ ಎಂಬ ಸರದಿಯನ್ನು ಹಿಡಿದರೆ ಮಳೆ ನಿಮ್ಮ ಕೆಲಸವನ್ನು ನಿಧಾನ ಮಾಡಬಹುದೇ ಹೊರತು ಕೆಡಿಸಲಾರದು. ನಮ್ಮ ಜಿಲ್ಲೆಯ ಹಳೆಯ ಐನ್‌ಮನೆಗಳನ್ನು, ಅಂದರೆ ಕೊಡವ ಕುಟುಂಬಗಳ ಮೂಲಮನೆಗಳನ್ನು, ನೋಡಿ. ದಪ್ಪ ಮಣ್ಣಿನ ಗೋಡೆಗಳು ಅಷ್ಟು ಮಳೆಗಾಲಗಳನ್ನು ಕಂಡೂ ನಿಂತಿರುವುದಕ್ಕೆ ಮಣ್ಣಿನಲ್ಲಿ ಬೆರೆಸಿದ ಯಾವ ಗುಟ್ಟಿನ ವಸ್ತುವೂ ಕಾರಣವಲ್ಲ. ಮನೆ ಎತ್ತರದ ಜಗಲಿಯ ಮೇಲೆ ಕುಳಿತಿದೆ, ಛಾವಣಿ ಗೋಡೆಯನ್ನು ದಾಟಿ ಮುಂದಕ್ಕೆ ಇಳಿದಿದೆ, ಹಾಗಾಗಿ ಹರಿಯುವ ನೀರು ಗೋಡೆಯನ್ನು ಮುಟ್ಟುವುದೇ ಇಲ್ಲ. ಮಣ್ಣಿನ ಗೋಡೆ ಗಾಳಿಯ ತೇವವನ್ನು ಹೀರಿ ಮತ್ತೆ ಬಿಡಬಲ್ಲದು, ಮೇಲಿಂದ ಹರಿದು ಬರುವ ನೀರನ್ನೂ ಬುಡದಲ್ಲಿ ನಿಲ್ಲುವ ನೀರನ್ನೂ ಮಾತ್ರ ತಡೆದುಕೊಳ್ಳಲಾರದು.

ಮೊದಲು ಜಾಗದ ಮಾತು. ಕಣದ ಪಕ್ಕ ಎಂದು ಬರೆದಿದ್ದೀರಿ. ಗುಡ್ಡವನ್ನು ಕಡಿದು ಮಾಡಿದ ಕಣವಾಗಿದ್ದರೆ ಹಿಂದೆ ಬರೆ, ಅಂದರೆ ಕಡಿದ ಗುಡ್ಡದ ಕಡಿದಾದ ಮೈ, ಇರುತ್ತದೆ. ಬರೆ ಎಷ್ಟು ಎತ್ತರವಿದೆಯೋ ಕನಿಷ್ಠ ಅಷ್ಟು ದೂರ ಬಿಟ್ಟು ಶೆಡ್ಡು ಕಟ್ಟಿ. ಜಾಗ ಸಾಲದೆಂದು ಬರೆಯನ್ನು ಇನ್ನಷ್ಟು ಕಡಿಯಲು ಖಂಡಿತ ಹೋಗಬೇಡಿ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದುದನ್ನು ಕಂಡ ನಮಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಮೇಲಿನಿಂದ ಬರುವ ನೀರು ಪಾಯವನ್ನು ತಲುಪುವ ಮೊದಲೇ ಬದಿಗೆ ಹರಿದುಹೋಗುವಂತೆ ಗುಡ್ಡದ ಕಡೆ ಒಂದು ಅಡಿ ಆಳದ ಚರಂಡಿಯನ್ನು ಈ ವಾರವೇ ತೆಗೆಯಿರಿ, ಮಳೆ ಸುರಿಯುತ್ತಿರುವಾಗಲೇ ಹೋಗಿ ನೀರಿನ ದಾರಿಯನ್ನು ಕಣ್ಣಾರೆ ನೋಡಿಕೊಳ್ಳಿ. ಬೇಸಿಗೆಯಲ್ಲಿ ಕಟ್ಟುವವನಿಗೆ ಇದು ಸಿಗುವುದಿಲ್ಲ. ಮಳೆಗಾಲದಲ್ಲಿ ಕಟ್ಟುವುದರಿಂದ ನಿಮಗೆ ಆಗುವ ದೊಡ್ಡ ಲಾಭ ಇದು. ಒಣಕೊಂಬೆ ಇರುವ ಸಿಲ್ವರ್ ಓಕ್ ಮರದ ಅಡಿಯನ್ನೂ ತಪ್ಪಿಸಿ.

ಪಾಯಕ್ಕೆ ಕಾಡುಗಲ್ಲು ಸಾಕು. ಗಟ್ಟಿ ನೆಲ ಸಿಗುವವರೆಗೆ ಅಗೆದು, ನೆಲದ ಮೇಲೆ ಒಂದೂವರೆ ಅಡಿಗೆ ಕಡಿಮೆಯಾಗದಂತೆ ಕಲ್ಲು ಕಟ್ಟಿ. ಛಾವಣಿಯಿಂದ ಬೀಳುವ ಹನಿ ನೆಲಕ್ಕೆ ಬಡಿದು ಒಂದು ಅಡಿಗೂ ಮೇಲಕ್ಕೆ ಸಿಡಿಯುತ್ತದೆ. ಯಾವುದಾದರೂ ಹಳೆಯ ಸುಣ್ಣದ ಗೋಡೆಯ ಬುಡದಲ್ಲಿರುವ ಕೆಂಪು ಕಲೆಯನ್ನು ಅಳೆದು ನೋಡಿದರೆ ನಿಮಗೇ ತಿಳಿಯುತ್ತದೆ. ಆ ಕಲೆಯಿಂದ ಮೇಲೆ ಮಾತ್ರ ಮಣ್ಣು ಶುರುವಾಗಬೇಕು. ಕಲ್ಲುಕಟ್ಟಡದ ತಲೆಗೆ ಒಂದು ಇಂಚು ದಪ್ಪ ಸಿಮೆಂಟ್ ಗಾರೆ ಹಾಕಿ ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹಾಸಿದರೆ ನೆಲದ ತೇವ ಮೇಲಕ್ಕೆ ಏರುವುದಿಲ್ಲ. ಸಿಮೆಂಟಿಗೆ ಈ ಕೆಲಸದಲ್ಲಿ ನಿಜವಾದ ಜಾಗವಿರುವುದು ಇಲ್ಲಿಯೇ.

ಛಾವಣಿಯ ಭಾರವನ್ನು ಗೋಡೆಯ ಮೇಲೆ ಹಾಕಬೇಡಿ. ನಾಲ್ಕು ಮೂಲೆಗೆ ನಾಲ್ಕು, ಉದ್ದದ ಬದಿಗಳ ನಡುವೆ ಒಂದೊಂದು, ಹೀಗೆ ಆರು ಕಂಬಗಳನ್ನು ನಿಲ್ಲಿಸಿ. ತೋಟದ ಸಿಲ್ವರ್ ಓಕ್ ಬಳಸುವುದಾದರೆ ತೊಗಟೆ ತೆಗೆದು, ಬುಡಕ್ಕೆ ಗೆದ್ದಲು ನಿರೋಧಕ ಬಳಿದು, ಅಡಿಗಲ್ಲಿನ ಮೇಲೆ ನಿಲ್ಲಿಸಿ. ಆ ಮರವನ್ನು ಮಣ್ಣಿನಲ್ಲಿ ಹೂತರೆ ಬಹಳ ಕಾಲ ಬಾಳುವುದಿಲ್ಲ. ಆದರೆ ಹೂಳದ ಕಂಬಗಳು ಗಾಳಿಗೆ ಓಲಾಡುತ್ತವೆ. ಆದ್ದರಿಂದ ಪ್ರತಿಯೊಂದು ಮೂಲೆಯಲ್ಲಿಯೂ ಕಂಬದಿಂದ ತೊಲೆಗೆ ಓರೆಯಾಗಿ ಒಂದು ಪಟ್ಟಿಯನ್ನು ಬಡಿಯಬೇಕು, ಕಂಬದ ಬುಡವನ್ನು ಕಲ್ಲಿನಲ್ಲಿ ಕೂರಿಸಿದ ಕಬ್ಬಿಣದ ಪಟ್ಟಿಗೆ ಬೋಲ್ಟ್ ಹಾಕಿ ಬಿಗಿಯಬೇಕು. ಮಂಗಳೂರು ಹೆಂಚು ಹೊದಿಸುವುದಾದರೆ ಅಡ್ಡಕ್ಕೆ ಎರಡು ಅಡಿ ಹೋದಾಗ ಎತ್ತರ ಸುಮಾರು ಒಂದೂಕಾಲು ಅಡಿ ಏರುವಷ್ಟು ಇಳಿಜಾರು ಬೇಕು. ಸೂರು ಗೋಡೆಯಿಂದ ಮೂರು ಅಡಿ ಹೊರಗೆ ಚಾಚಲಿ. ನಿಮ್ಮ ಗೋಡೆ ಪಾಯದ ಮೇಲೆ ಏಳು ಅಡಿ ಇದ್ದರೆ, ಅಷ್ಟು ಚಾಚಿದ ಮೇಲೂ ಸೂರಿನ ಅಂಚು ನೆಲದಿಂದ ಸುಮಾರು ಆರೂವರೆ ಅಡಿ ಎತ್ತರದಲ್ಲಿ ಉಳಿಯುತ್ತದೆ, ತಲೆಗೆ ತಾಗುವುದಿಲ್ಲ. ಮಳೆ ಹೊಡೆಯುವ ನೈಋತ್ಯ ದಿಕ್ಕಿಗೆ ಛಾವಣಿಯ ತುದಿಯ ತ್ರಿಕೋನದ ಬದಿ ಬಾರದಂತೆ ನೋಡಿಕೊಳ್ಳಿ, ಎರಡೂ ತ್ರಿಕೋನಗಳನ್ನು ಮಣ್ಣಿನಿಂದ ತುಂಬುವ ಬದಲು ಬಿದಿರಿನ ತಟ್ಟಿಯಿಂದ ಮುಚ್ಚಿ. ಒಳಗೆ ಗಾಳಿಯೂ ಆಡುತ್ತದೆ.

ಈಗ ಇಟ್ಟಿಗೆಗೆ ಬರೋಣ. 12 ಇಂಚು ಉದ್ದ, 8 ಇಂಚು ಅಗಲ, 4 ಇಂಚು ದಪ್ಪದ ಅಚ್ಚಿನಲ್ಲಿ ಮಾಡಿದರೆ ನಿಮ್ಮ ಶೆಡ್ಡಿಗೆ ಬಾಗಿಲು ಕಿಟಕಿ ಕಳೆದು ಸುಮಾರು 550 ಇಟ್ಟಿಗೆ ಬೇಕು. ಒಡೆಯುವುದನ್ನು ಸೇರಿಸಿ 600 ಎಂದಿಟ್ಟುಕೊಳ್ಳಿ. ಒಣಗಿದ ಮೇಲೆ ಒಂದೊಂದೂ ಹತ್ತು ಕಿಲೋ ದಾಟುತ್ತದೆ. ಅಚ್ಚಿನಿಂದ ಈಗ ತಾನೇ ತೆಗೆದ ಇಟ್ಟಿಗೆಯೊಳಗೆ ಎರಡು ಲೀಟರಿಗೂ ಹೆಚ್ಚು ನೀರು ಇರುತ್ತದೆ. 600 ಇಟ್ಟಿಗೆಗಳಿಂದ ಹೊರಗೆ ಹೋಗಬೇಕಾದ ನೀರು 1200 ಲೀಟರಿಗೆ ಮೇಲಾಯಿತು. ಹಾಸಿಗೆ ಬಟ್ಟೆಯೂ ಒಣಗದ ಕಕ್ಕಡ ತಿಂಗಳಿನಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಅಷ್ಟು ನೀರನ್ನು ಗಾಳಿಯೊಂದೇ ಹೊತ್ತುಕೊಂಡು ಹೋಗಬೇಕು. ಮೇ ತಿಂಗಳಲ್ಲಿ ಮೂರು ವಾರ ಹಿಡಿಯುವ ಕೆಲಸಕ್ಕೆ ಜುಲೈಯಲ್ಲಿ ಆರೇಳು ವಾರ ಬೇಕೆಂದು ಮನಸ್ಸನ್ನು ಸಿದ್ಧಮಾಡಿಕೊಂಡರೆ ಆತುರದ ತಪ್ಪುಗಳಾಗುವುದಿಲ್ಲ.

ನಿಮ್ಮ ಟಾರ್ಪಾಲಿನ ಅನುಭವ ನನಗೂ ಆಗಿದೆ. ಮೊದಲ ಸಲ ಕಟ್ಟಿದಾಗ ಮುನ್ನೂರು ಇಟ್ಟಿಗೆಗಳನ್ನು ಒತ್ತೊತ್ತಾಗಿ ಪೇರಿಸಿ, ಒಂದು ಹನಿಯೂ ಬೀಳಬಾರದೆಂದು ನಾಲ್ಕು ಕಡೆ ಟಾರ್ಪಾಲನ್ನು ನೆಲದವರೆಗೆ ಎಳೆದು ಕಲ್ಲು ಹೇರಿದ್ದೆ. ಹತ್ತು ದಿನ ಕಳೆದು ಎತ್ತಿದಾಗ ಟಾರ್ಪಾಲಿನ ಒಳಮೈಯಲ್ಲಿ ಮುತ್ತಿನಂತೆ ಹನಿ ಕಟ್ಟಿತ್ತು. ಇಟ್ಟಿಗೆಯದೇ ತೇವ ಮೇಲೆ ಹೋಗಿ, ಅಲ್ಲಿ ಹನಿಯಾಗಿ, ಮತ್ತೆ ಇಟ್ಟಿಗೆಯ ಮೇಲೆಯೇ ಬೀಳುತ್ತಿತ್ತು. ಕೆಳಗಿನ ಎರಡು ಸಾಲು ನೆಲದ ನೀರನ್ನೂ ಕುಡಿದು, ಮೇಲಿನ ಭಾರಕ್ಕೆ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ನಿಮ್ಮಲ್ಲಿ ಆದದ್ದೂ ಇದೇ ಇರಬೇಕು. ಇಟ್ಟಿಗೆಯನ್ನು ನೆಲದಿಂದ ಒಂದು ಅಡಿ ಎತ್ತರದ ಬಿದಿರಿನ ಅಟ್ಟಣೆಯ ಮೇಲೆ, ಎರಡು ಮೂರು ದಿನ ಕಳೆದು ಕೈಗೆ ಗಟ್ಟಿಯಾದ ಕೂಡಲೇ ಅಂಚಿನ ಮೇಲೆ ನಿಲ್ಲಿಸಿ, ಎರಡರ ನಡುವೆ ಎರಡು ಬೆರಳು ಹೋಗುವಷ್ಟು ಸಂದು ಬಿಟ್ಟು ಜೋಡಿಸಿ. ಛಾವಣಿ ಮೊದಲೇ ಆಗಿರುವುದರಿಂದ ಹೊದಿಕೆ ಬೇಕಾಗುವುದಿಲ್ಲ. ಇರಚಲು ಹೊಡೆಯುವ ಬದಿಗೆ ಮಾತ್ರ ತಟ್ಟಿ ಕಟ್ಟಿ, ಉಳಿದ ಮೂರು ಬದಿ ತೆರೆದಿರಲಿ. ನಿಮ್ಮಲ್ಲಿಯೋ ನೆಂಟರಲ್ಲಿಯೋ ಕಾಫಿ ಒಣಗಿಸುವ ಪಾಲಿಹೌಸ್ ಇದ್ದರೆ ಜುಲೈ, ಆಗಸ್ಟಿನಲ್ಲಿ ಅದು ಹೇಗೂ ಖಾಲಿ ಇರುತ್ತದೆ, ಕೇಳಿ ಬಳಸಿಕೊಳ್ಳಿ. ಅದರ ಎರಡು ತುದಿಗಳನ್ನೂ ತೆರೆದಿಟ್ಟು ಗಾಳಿ ಹಾಯಲು ಬಿಡಬೇಕು, ಇಲ್ಲದಿದ್ದರೆ ನನ್ನ ಟಾರ್ಪಾಲಿನ ಗತಿಯೇ ಆಗುತ್ತದೆ. ಬೆಂಕಿ ಹಾಕಿ ಒಣಗಿಸಲು ಹೋಗಬೇಡಿ. ಹೊರಮೈ ಬೇಗ ಕುಗ್ಗಿ ಒಳಗು ಹಸಿಯಾಗಿಯೇ ಉಳಿದು ಇಟ್ಟಿಗೆ ಸೀಳುತ್ತದೆ.

ಒಣಗಿದೆಯೇ ಎಂದು ಕಣ್ಣಿನಿಂದ ನಿರ್ಧರಿಸಬಾರದು. ಮೂರು ಇಟ್ಟಿಗೆಗಳಿಗೆ ಗುರುತು ಹಾಕಿ, ಕರಿಮೆಣಸು ತೂಗುವ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ಎರಡು ವಾರ ತೂಕ ಇಳಿಯದೆ ನಿಂತಿತೆಂದರೆ ಒಣಗಿದೆ. ಒಂದನ್ನು ಒಡೆದು ನೋಡಿದಾಗ ನಡುವಿನಲ್ಲಿ ಕಡುಬಣ್ಣದ ತಿರುಳು ಕಾಣಬಾರದು, ಅಂಚಿನಿಂದ ಅಂಚಿಗೆ ಒಂದೇ ಬಣ್ಣ ಇರಬೇಕು. ಗಟ್ಟಿತನಕ್ಕೆ ಎರಡು ಪರೀಕ್ಷೆ ಸಾಕು. ಎರಡು ಇಟ್ಟಿಗೆಗಳ ಮೇಲೆ ಒಂದನ್ನು ಸೇತುವೆಯಂತೆ ಅಡ್ಡವಿಟ್ಟು ಅದರ ನಡುವೆ ನಿಂತುಕೊಳ್ಳಿ, ಮುರಿಯಬಾರದು. ಸೊಂಟದ ಎತ್ತರದಿಂದ ಮೂಲೆ ಕೆಳಗಾಗಿ ನೆಲಕ್ಕೆ ಬಿಡಿ, ಆ ಮೂಲೆ ಮಾತ್ರ ಜಜ್ಜಿಹೋದರೆ ಇಟ್ಟಿಗೆ ಒಳ್ಳೆಯದು, ಇಡೀ ಇಟ್ಟಿಗೆ ಚೂರಾದರೆ ಮಣ್ಣಿನ ಹದವನ್ನು ಬದಲಿಸಬೇಕು.

ಬಿರುಕಿನ ಪ್ರಶ್ನೆ ಹದದ್ದೇ. ತೋಟದ ಮಣ್ಣು ಎಂದಿದ್ದೀರಿ. ಮೇಲಿನ ಕಪ್ಪು ಮಣ್ಣಿನಲ್ಲಿ ಎಲೆ, ಬೇರು, ಗೊಬ್ಬರ ಕೊಳೆತಿರುತ್ತದೆ. ಅದು ಗಿಡಕ್ಕೆ ಬೇಕಾದದ್ದು, ಇಟ್ಟಿಗೆಗೆ ಬಾರದು. ಒಂದೂವರೆ ಎರಡು ಅಡಿ ಕೆಳಗಿನ ಕೆಮ್ಮಣ್ಣನ್ನು ತೆಗೆಯಿರಿ. ಅದರಲ್ಲಿ ಜೇಡಿ ಹೆಚ್ಚಿದ್ದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಅಲುಗಾಡಿಸದೆ ಇಡಿ. ಕೆಳಗೆ ಮರಳು, ಅದರ ಮೇಲೆ ನುಣ್ಣನೆಯ ಹೂಳು, ತುದಿಯಲ್ಲಿ ಜೇಡಿ ಪದರವಾಗಿ ನಿಲ್ಲುತ್ತದೆ. ಜೇಡಿ ಐದನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗದೊಳಗೆ, ಮರಳು ಅರ್ಧಕ್ಕಿಂತ ಹೆಚ್ಚು ಇದ್ದರೆ ಹದ ಸರಿಯಿದೆ. ಇದಕ್ಕಿಂತ ನನಗೆ ಹೆಚ್ಚು ನಂಬಿಕೆ ಇರುವುದು ಇನ್ನೊಂದು ಪರೀಕ್ಷೆಯಲ್ಲಿ. ಎರಡು ಅಡಿ ಉದ್ದ, ಒಂದೂವರೆ ಇಂಚು ಅಗಲ ಮತ್ತು ಅಷ್ಟೇ ಆಳದ ಮರದ ಪೆಟ್ಟಿಗೆಯ ಒಳಮೈಗೆ ಎಣ್ಣೆ ಸವರಿ, ಇಟ್ಟಿಗೆಯ ಹದದ ಮಣ್ಣನ್ನು ಒತ್ತಿ ತುಂಬಿ ಒಣಗಲು ಬಿಡಿ. ಒಣಗಿದ ಮೇಲೆ ಮಣ್ಣಿನ ತುಂಡುಗಳನ್ನೆಲ್ಲ ಒಂದು ತುದಿಗೆ ತಳ್ಳಿ ಉಳಿದ ಸಂದನ್ನು ಅಳೆಯಿರಿ. ಸಂದು ಒಂದು ಇಂಚಿಗಿಂತ ಹೆಚ್ಚಾದರೆ ಮರಳು ಬೆರೆಸಿ ಮತ್ತೊಮ್ಮೆ ಪರೀಕ್ಷಿಸಿ. ನಾಲ್ಕು ಬೆರಳುದ್ದ ಕತ್ತರಿಸಿದ ಬತ್ತದ ಹುಲ್ಲನ್ನು ಸೇರಿಸಿದರೆ ದೊಡ್ಡ ಬಿರುಕುಗಳು ಸಣ್ಣ ಸಣ್ಣವಾಗಿ ಹಂಚಿಹೋಗುತ್ತವೆ. ಮಣ್ಣನ್ನು ನೀರಿನಲ್ಲಿ ನೆನೆಸಿ ಮೂರು ನಾಲ್ಕು ದಿನ ಬಿಟ್ಟು, ಮಧ್ಯೆ ಎರಡು ಸಲ ತುಳಿದು ಮಗುಚಿದರೆ ಗಂಟುಗಳೆಲ್ಲ ಒಡೆಯುತ್ತವೆ. ಕಾಲಿನ ಅಡಿಗೆ ಒಂದೂ ಗಂಟು ಸಿಗದಿದ್ದಾಗ, ಹೆಜ್ಜೆ ಎತ್ತಿದರೆ ಗುರುತು ಹಾಗೆಯೇ ನಿಂತಾಗ, ಅದು ಅಚ್ಚಿಗೆ ಬಂದಿದೆ. ಕರಗಿಹೋದ ನಿಮ್ಮ ಇಟ್ಟಿಗೆಗಳ ಮಣ್ಣನ್ನೂ ಬಿರುಕು ಬಿಟ್ಟವನ್ನೂ ಎಸೆಯಬೇಡಿ. ಇದೇ ಗುಂಡಿಗೆ ಹಾಕಿ ಮರಳು ಸೇರಿಸಿದರೆ ನೀವು ಮೇ ತಿಂಗಳಲ್ಲಿ ಪಟ್ಟ ಶ್ರಮದಲ್ಲಿ ಅಗೆದ ಪಾಲಾದರೂ ಉಳಿಯುತ್ತದೆ.

ಸಿಮೆಂಟ್ ಬೆರೆಸುವ ವಿಚಾರದಲ್ಲಿ ಸ್ಪಷ್ಟವಾಗಿರೋಣ. ಮಣ್ಣಿನ ಬ್ಲಾಕ್‌ಗಳಿಗೆ ತೂಕದ ಶೇಕಡಾ 5ರಿಂದ 8ರಷ್ಟು ಸಿಮೆಂಟ್ ಸೇರಿಸಿ ಯಂತ್ರದಲ್ಲಿ ಒತ್ತುವ ವಿಧಾನ ನಮ್ಮ ರಾಜ್ಯದಲ್ಲಿ ಚೆನ್ನಾಗಿ ಬೆಳೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ ‘ಆಸ್ಟ್ರಾ’ ಕೇಂದ್ರ ಇದಕ್ಕಾಗಿ ಕೈಯಿಂದ ಒತ್ತುವ ಯಂತ್ರವನ್ನೇ ರೂಪಿಸಿತು. ಆ ಬ್ಲಾಕ್‌ಗೆ ಬೇಕಾದದ್ದು ಮರಳು ಹೆಚ್ಚಿರುವ ಮಣ್ಣು, ಹಿಟ್ಟಿನಂತೆ ಉದುರುವಷ್ಟೇ ತೇವ, ಬಲವಾದ ಒತ್ತಡ, ಆಮೇಲೆ ಎರಡು ಮೂರು ವಾರ ನೀರು ಚಿಮುಕಿಸುವ ಆರೈಕೆ. ಕೆಸರಿನ ಹದದ ಮಣ್ಣಿಗೆ ಒಂದು ಬಾಣಲೆ ಸಿಮೆಂಟ್ ಸುರಿದು ಅಚ್ಚಿಗೆ ಹಾಕಿ ಒಣಗಲು ಬಿಟ್ಟರೆ ಇವುಗಳಲ್ಲಿ ಯಾವುದೂ ನಡೆಯುವುದಿಲ್ಲ. ಜೇಡಿ ಸಿಮೆಂಟಿನ ಕಣಗಳನ್ನು ಮುಚ್ಚಿಬಿಡುತ್ತದೆ, ಸಿಮೆಂಟ್ ಗಟ್ಟಿಯಾಗುವ ಮೊದಲೇ ನೀರು ಆರಿಹೋಗುತ್ತದೆ, ಹಣ ಮಾತ್ರ ಖರ್ಚಾಗುತ್ತದೆ. ನನ್ನ ಸಲಹೆ ಇಷ್ಟು: ಪಾಯದ ಮೇಲಿನ ಮೊದಲ ಮೂರು ವರಸೆಗೆ (ಇಟ್ಟಿಗೆಯ ಸಾಲಿಗೆ) ಸುಟ್ಟ ಇಟ್ಟಿಗೆಯನ್ನೋ ಒತ್ತಿದ ಮಣ್ಣಿನ ಬ್ಲಾಕನ್ನೋ ಕೊಂಡು ತನ್ನಿ, ಅದರ ಮೇಲೆ ನಿಮ್ಮದೇ ಹಸಿ ಇಟ್ಟಿಗೆ ಕಟ್ಟಿ.

ಕಟ್ಟುವಾಗ ಗಾರೆಯೂ ಇಟ್ಟಿಗೆಯ ಮಣ್ಣಿನದೇ ಆಗಿರಲಿ, ಮರಳು ಸ್ವಲ್ಪ ಮುಂದಿರಲಿ. ಸಂದು ಅರ್ಧ ಇಂಚು ಮೀರಬಾರದು. ಇಟ್ಟಿಗೆಯ ತಳವನ್ನು ನೀರಿಗೆ ಒಮ್ಮೆ ಅದ್ದಿ ಕೂರಿಸಿದರೆ ಗಾರೆ ಕಚ್ಚಿಕೊಳ್ಳುತ್ತದೆ. ಇಂಥ ಹವೆಯಲ್ಲಿ ದಿನಕ್ಕೆ ಎರಡು ವರಸೆ, ಹೆಚ್ಚೆಂದರೆ ಮೂರು. ನೀವು ವಾರಾಂತ್ಯದಲ್ಲಿ ಮಾತ್ರ ಕೆಲಸ ಮಾಡುವವರಾದರೂ ಚಿಂತೆಯಿಲ್ಲ, ನಡುವಿನ ಐದು ದಿನ ಗೋಡೆಯೇ ತನ್ನ ಕೆಲಸ ಮಾಡಿಕೊಳ್ಳುತ್ತಿರುತ್ತದೆ. ಪ್ರತಿ ವರಸೆಗೂ ರಸಮಟ್ಟ, ಪ್ರತಿ ಎರಡು ವರಸೆಗೆ ತೂಗುಗುಂಡು ಹಿಡಿಯಿರಿ. ಗೋಡೆ ತೊಲೆಯ ಹತ್ತಿರ ಬಂದಾಗ ಒಂದು ಇಂಚು ಸಂದು ಬಿಡಿ. ಗೋಡೆ ಒಣಗುತ್ತ ಕೆಳಕ್ಕೆ ಕೂರುತ್ತದೆ, ಅದು ನಿಂತ ಮೇಲೆ ಹುಲ್ಲು ಬೆರೆಸಿದ ಮಣ್ಣನ್ನು ಅಲ್ಲಿ ತುರುಕಿ ಮುಚ್ಚಿ. ಜುಲೈ ಮುಗಿಯುವುದರೊಳಗೆ ಪಾಯ ಮತ್ತು ಛಾವಣಿಯನ್ನು ಮುಗಿಸಿಕೊಳ್ಳಿ. ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಇಟ್ಟಿಗೆ ಹಾಕುತ್ತ ಹೋಗಿ. ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ) ಮುಗಿಸಿ ಗೋಡೆಗೆ ಕೈಹಚ್ಚಿದರೆ, ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಕಳೆದು ಗಿಲಾವು ಹಚ್ಚುವ ಹೊತ್ತಿಗೆ ಗೋಡೆ ಗಟ್ಟಿಯಾಗಿರುತ್ತದೆ. ಕೊಯ್ಲಿಗೆ ಬಾಗಿಲು ಇರುತ್ತದೆ, ಸುಣ್ಣ ಬಳಿಯುವುದು ಜನವರಿಗೆ ಹೋದರೂ ನಷ್ಟವಿಲ್ಲ.

ಪ್ರಶ್ನೆ: ನಾವು ಛಾವಣಿ ಇಲ್ಲದೆಯೇ ನಾಲ್ಕು ಅಡಿ ಗೋಡೆ ಎಬ್ಬಿಸಿದ್ದೆವು. ಎರಡು ದಿನದ ಮಳೆಗೆ ಒಂದು ಬದಿ ಪೂರ್ತಿ ನೆನೆದು ಮೇಲಿನ ಎರಡು ವರಸೆ ಜಾರಿದೆ. ಎಲ್ಲವನ್ನೂ ಕೆಡವಬೇಕೇ?
(ಓದುಗರು, ಸೋಮವಾರಪೇಟೆ ತಾಲ್ಲೂಕು)

ಉತ್ತರ: ನೋಡದೆ ಕೆಡವಬೇಡಿ, ನೋಡದೆ ಮುಂದುವರಿಸಲೂಬೇಡಿ. ಮೊದಲು ಗೋಡೆಯ ತಲೆಯನ್ನು ಮಾತ್ರ ಮುಚ್ಚಿ. ನೀರು ಒಳಗೆ ಹೋಗುವುದು ಬಹುಪಾಲು ಮೇಲಿನಿಂದಲೇ. ಎರಡೂ ಬದಿಗೆ ಅರ್ಧ ಅಡಿ ಹೊರಚಾಚುವ ಹಳೆಯ ತಗಡಿನ ಹಾಳೆಯನ್ನು ಗೋಡೆಯ ಉದ್ದಕ್ಕೂ ಹಾಕಿ ಕಲ್ಲು ಹೇರಿ, ಪಕ್ಕಗಳನ್ನು ಗಾಳಿಗೆ ಬಿಡಿ. ಜಾರಿದ ಎರಡು ವರಸೆಯನ್ನು ಈಗಲೇ ತೆಗೆದುಬಿಡಿ.

ಆಮೇಲೆ ಬುಡದ ವರಸೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತ ಹೋಗಿ. ಬೆರಳಿನ ಗುರುತು ಮಾತ್ರ ಮೂಡಿದರೆ ಒಣಗಲು ಬಿಡಬಹುದು. ಬೆರಳು ಒಳಕ್ಕೆ ಇಳಿಯುವಷ್ಟು ಮೆತ್ತಗಾಗಿದ್ದರೆ ಅದರ ಮೇಲಿರುವ ಭಾರವನ್ನು ಇಳಿಸಲೇಬೇಕು, ಏಕೆಂದರೆ ಬುಡ ಒಣಗುವ ಮೊದಲೇ ಭಾರಕ್ಕೆ ಉಬ್ಬಿಕೊಂಡು ಗೋಡೆ ಒಂದು ಕಡೆಗೆ ವಾಲುತ್ತದೆ. ನಾಲ್ಕು ಅಡಿ ಎತ್ತರಕ್ಕೆ ತೂಗುಗುಂಡು ಒಂದು ಇಂಚಿಗಿಂತ ಹೆಚ್ಚು ಓರೆ ತೋರಿಸಿದರೆ ಆ ಬದಿಯನ್ನು ಕೆಡವುವುದೇ ಕ್ಷೇಮ. ಒಳಗೆ ನಿಮ್ಮ ಮನೆಯವರು ಓಡಾಡುವ ಗೋಡೆ ಇದು, ಆ ವಿಷಯದಲ್ಲಿ ಆಸೆಗೆ ಜಾಗವಿಲ್ಲ. ಕೊರೆದುಹೋದ ಭಾಗಗಳನ್ನು ಗಟ್ಟಿ ಮೈ ಸಿಗುವವರೆಗೆ ಕೆರೆದು, ನೀರು ಚಿಮುಕಿಸಿ, ಇಟ್ಟಿಗೆಯ ಚೂರುಗಳನ್ನೂ ಗಟ್ಟಿ ಹದದ ಮಣ್ಣನ್ನೂ ಸೇರಿಸಿ ತುಂಬಿ, ಸಿಮೆಂಟ್ ಹಾಕಬೇಡಿ. ಕೆಡವಿದ್ದರಿಂದ ಮಣ್ಣು ಹಾಳಾಗಲಿಲ್ಲವೆಂಬುದನ್ನು ಮರೆಯಬೇಡಿ. ಸಿಮೆಂಟಿನ ಗೋಡೆಯನ್ನು ಒಡೆದರೆ ಉಳಿಯುವುದು ಕಸ, ಮಣ್ಣಿನ ಗೋಡೆಯನ್ನು ಒಡೆದರೆ ಮತ್ತೆ ನಾಲ್ಕು ದಿನ ನೆನೆಸಿ ಅಚ್ಚಿಗೆ ಹಾಕಬಹುದು.

ಪ್ರಶ್ನೆ: ಎಂಟು ವರ್ಷದ ಹಿಂದೆ ಕಟ್ಟಿದ ನಮ್ಮ ಮಣ್ಣಿನ ಸೌದೆಮನೆಗೆ ಕಳೆದ ವರ್ಷ ಸಿಮೆಂಟ್ ಗಿಲಾವು ಹಾಕಿಸಿದೆವು. ಈ ಮಳೆಗೆ ಹಾಳೆ ಹಾಳೆಯಾಗಿ ಕಳಚುತ್ತಿದೆ. ಮತ್ತೆ ಇನ್ನೂ ದಪ್ಪಗೆ ಹಾಕಿಸಬೇಕೇ?
(ಓದುಗರು, ವಿರಾಜಪೇಟೆ ತಾಲ್ಲೂಕು)

ಉತ್ತರ: ದಯವಿಟ್ಟು ಹಾಕಿಸಬೇಡಿ. ನಾನೂ ಒಬ್ಬ ಮೇಸ್ತ್ರಿಯ ಮಾತು ಕೇಳಿ ಇದೇ ತಪ್ಪನ್ನು ಮಾಡಿ ಮೂರನೆಯ ಮಳೆಗಾಲಕ್ಕೆ ಅರ್ಧ ಗೋಡೆಯ ಗಿಲಾವನ್ನು ನೆಲದ ಮೇಲೆ ಕಂಡವನು. ಬಿದ್ದ ಹಾಳೆಯೊಂದನ್ನು ಮಗುಚಿ ಅದರ ಹಿಂಬದಿಯನ್ನು ನೋಡಿ. ಅಲ್ಲಿ ಅರ್ಧ ಇಂಚಿನಷ್ಟು ಮಣ್ಣು ಅಂಟಿಕೊಂಡು ಬಂದಿರುತ್ತದೆ, ಮುಟ್ಟಿದರೆ ತೇವವಾಗಿಯೇ ಇರುತ್ತದೆ. ಮಣ್ಣಿನ ಗೋಡೆ ತೇವಕ್ಕೆ ಹಿಗ್ಗಿ ಒಣಹವೆಗೆ ಕುಗ್ಗುತ್ತದೆ, ಸಿಮೆಂಟ್ ಅದರೊಂದಿಗೆ ಅಲುಗಾಡುವುದಿಲ್ಲ. ಕೂದಲೆಳೆಯ ಬಿರುಕು ಬಿಡುತ್ತದೆ, ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿಯಿಲ್ಲದೆ ಹಿಂದಿನ ಮಣ್ಣನ್ನು ಮೆತ್ತಗೆ ಮಾಡುತ್ತದೆ. ದಪ್ಪ ಹಾಕಿದಷ್ಟೂ ಬೀಳುವಾಗ ಹೆಚ್ಚು ಮಣ್ಣನ್ನು ಎಳೆದುಕೊಂಡು ಬೀಳುತ್ತದೆ.

ಸಡಿಲವಾದುದನ್ನೆಲ್ಲ ಈಗ ತೆಗೆದು ಗೋಡೆಯನ್ನು ಉಸಿರಾಡಲು ಬಿಡಿ, ಇರಚಲಿನ ಬದಿಗೆ ತಟ್ಟಿ ಕಟ್ಟಿ. ಮಳೆ ಕಳೆದ ಮೇಲೆ ಜರಡಿ ಹಿಡಿದ ಮಣ್ಣು ಒಂದು ಪಾಲು, ಮರಳು ಎರಡರಿಂದ ಮೂರು ಪಾಲು, ಸಣ್ಣಗೆ ಕತ್ತರಿಸಿದ ಹುಲ್ಲು ಮತ್ತು ಸಗಣಿ ಸೇರಿಸಿ ಮುಕ್ಕಾಲು ಇಂಚಿನ ಮೊದಲ ಕೋಟ್ ಹಚ್ಚಿ. ಅದು ಪೂರ್ತಿ ಒಣಗಿ ಬಿರುಕುಗಳೆಲ್ಲ ಹೊರಬಂದ ಮೇಲೆ ತೆಳುವಾದ ಎರಡನೆಯ ಕೋಟ್ ಕೊಡಿ. ಕೊನೆಗೆ ಸುಣ್ಣವನ್ನು ಹಾಲಿನಷ್ಟು ತೆಳುವಾಗಿ ಕಲಸಿ ಮೂರು ನಾಲ್ಕು ಸಲ ಬಳಿಯಿರಿ, ಒಂದು ಸಲದ್ದು ಒಣಗಿದ ಮೇಲೆಯೇ ಇನ್ನೊಂದು. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಕಲ್ಲಾಗುತ್ತದೆ, ಆದರೂ ತೇವಕ್ಕೆ ದಾರಿ ಬಿಡುತ್ತದೆ. ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತರುವ ಸುಟ್ಟ ಸುಣ್ಣವನ್ನೇ ಬಳಸುವುದಾದರೆ ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಸುಣ್ಣದ ರಾಶಿಗೆ ನೀರು ಸುರಿದರೆ ಕುದಿದು ಕಣ್ಣಿಗೆ ಸಿಡಿಯುತ್ತದೆ. ಮಕ್ಕಳನ್ನು ದೂರವಿಟ್ಟು, ಕನ್ನಡಕ ಹಾಕಿಕೊಂಡು ಮಾಡಿ. ಎರಡು ವರ್ಷಕ್ಕೊಮ್ಮೆ ಸುಣ್ಣ ಬಳಿಯುವ ಕೆಲಸ ಉಳಿಯುತ್ತದೆ ಎಂಬುದು ನಿಜ, ಅದು ಒಂದು ಭಾನುವಾರದ ಬೆಳಗಿನ ಕೆಲಸ.

ಪ್ರಶ್ನೆ: ನಮ್ಮ ಮಣ್ಣಿನ ಶೆಡ್ಡು ಸಿದ್ಧವಾಗಿದೆ. ಅದರಲ್ಲಿ ರಸಗೊಬ್ಬರ, ಉಪ್ಪು ಮತ್ತು ಬತ್ತವನ್ನು ಇಡಬಹುದೇ? ನಾವು ಕಾಡಿನ ಅಂಚಿನಲ್ಲಿದ್ದೇವೆ.
(ಓದುಗರು, ಪೊನ್ನಂಪೇಟೆ ತಾಲ್ಲೂಕು)

ಉತ್ತರ: ಬತ್ತ ಮತ್ತು ಉ‍ಪ್ಪನ್ನು ಅಲ್ಲಿ ಇಡಬೇಡಿ. ಬತ್ತದ ವಾಸನೆಯನ್ನು ಆನೆ ದೂರದಿಂದಲೇ ಹಿಡಿಯುತ್ತದೆ, ಉಪ್ಪನ್ನೂ ಹುಡುಕಿಕೊಂಡು ಬರುತ್ತದೆ, ಎಂಟು ಇಂಚಿನ ಮಣ್ಣಿನ ಗೋಡೆ ಅದಕ್ಕೆ ಒಂದು ತಡೆಯೇ ಅಲ್ಲ. ಮಾಗಿದ ಹಲಸಿನ ಹಣ್ಣಿಗೂ ಇದೇ ಮಾತು.

ರಸಗೊಬ್ಬರವನ್ನು ಇಡಬಹುದು, ಆದರೆ ಗೋಡೆಗೆ ತಾಗಿಸಬಾರದು. ಗೊಬ್ಬರದ ಲವಣ ಮಳೆಗಾಲದ ಗಾಳಿಯಿಂದ ನೀರನ್ನು ಎಳೆದುಕೊಂಡು ಒಸರುತ್ತದೆ. ಆ ನೀರನ್ನು ಗೋಡೆ ಹೀರಿಕೊಂಡು, ಬೇಸಿಗೆಯಲ್ಲಿ ಒಣಗುವಾಗ ಲವಣ ಮಣ್ಣಿನ ಕಣಗಳ ನಡುವೆ ಹರಳುಗಟ್ಟಿ ಅವುಗಳನ್ನು ಬೇರ್ಪಡಿಸುತ್ತದೆ. ಗೋಡೆಯ ಮೇಲೆ ಬಿಳಿಯ ಹೂವಿನಂತೆ ಎದ್ದು, ಕೈಯಾಡಿಸಿದರೆ ಹಿಟ್ಟಾಗಿ ಉದುರುವುದು ಇದರಿಂದಲೇ. ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ಬಿಟ್ಟು, ಚೀಲದ ಕೆಳಗೆ ಪ್ಲಾಸ್ಟಿಕ್ ಹಾಸಿ ಇಡಿ. ಈಗಾಗಲೇ ಬಿಳಿ ಎದ್ದಿದ್ದರೆ ನೀರು ಹಾಕಿ ತೊಳೆಯಬೇಡಿ, ಲವಣ ಕರಗಿ ಇನ್ನೂ ಒಳಕ್ಕೆ ಹೋಗುತ್ತದೆ. ಒಣಬ್ರಷ್‌ನಿಂದ ಉಜ್ಜಿ, ಉದುರಿದ ಪುಡಿಯನ್ನು ಮೊರದಲ್ಲಿ ಎತ್ತಿ ಹೊರಗೆ ಹಾಕಿ, ಆ ಭಾಗದ ಗಿಲಾವನ್ನು ಬೇಸಿಗೆಯಲ್ಲಿ ಹೊಸದಾಗಿ ಹಚ್ಚಿ.